ಬೇಡವೆನ್ನುವವರ ಪ್ರವಾಸ

ಕಳೆದ ಭಾನುವಾರ ಡಾಲಸ್ ಪಕ್ಕದ ಸೌತ್‌ಲೇಕ್‌ನಲ್ಲಿ ಒಬ್ಬರ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಬಡಿಸಲು ಕೈ ಸಾಲದೆಂದು ಮನೆಯಾಕೆ ನನ್ನ ಕೈಗೊಂದು ಹೋಳಿಗೆಯ ಟ್ರೇ ಕೊಟ್ಟರು. ಮೊದಲ ಸಾಲಿನಲ್ಲೇ ಕುಳಿತಿದ್ದವರು ನಿವೃತ್ತ ಡಾಕ್ಟರ್, ಊರಿನವರೆಲ್ಲ ಅಂಕಲ್ ಎಂದು ಕರೆಯುವ ಹಿರಿಯರು. "ಹೋಳಿಗೆ ಅಂಕಲ್?" ಎಂದೆ. "ಬೇಡಮ್ಮ, ಬೇಡ" ಎಂದು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರು. "ಒಂದೇ ಒಂದು" ಎಂದೆ. "ಶುಗರ್ ಇದೆಯಮ್ಮ ನನಗೆ" ಎಂದರು. ಶುಗರ್ ಇರುವ ಡಾಕ್ಟರಿಗೆ ಹೋಳಿಗೆ ತುರುಕುವುದು ಯಾವ ನ್ಯಾಯ ಎಂದು ನಾನು ಮುಂದಿನವರ ಕಡೆಗೆ ಹೋದೆ. ಊಟವಾಗಿ ಕೈ ತೊಳೆಯುವಾಗ ಅವರ ಹೆಂಡತಿ ಬಂದು ಮೆಲ್ಲಗೆ ಕೇಳಿದರು: "ಏನಮ್ಮ ಉಷಾ, ನಮ್ಮನೆಯವರಿಗೆ ನೀನು ಹೋಳಿಗೇನೇ ಬಡಿಸ್ಲಿಲ್ವಂತೆ?"

ನನಗೆ ಐವತ್ತು ಹತ್ತಿರ ಬಂತು. ಅದರಲ್ಲಿ ಅರ್ಧ ಆಯುಸ್ಸು ಬೇಡ ಎಂದವರಿಗೆ ಬಡಿಸುವುದರಲ್ಲಿಯೂ, ಇನ್ನರ್ಧ ಬೇಕಾದದ್ದನ್ನು ಬೇಡ ಎನ್ನುವುದರಲ್ಲಿಯೂ ಕಳೆದುಹೋಗಿದೆ. ಯಾರು ಕಂಡುಹಿಡಿದರೋ ಈ ಉಪಚಾರವನ್ನು, ಅವರು ಸಿಕ್ಕರೆ ಎರಡು ಮಾತು ಕೇಳುವುದಿದೆ. ಆದರೆ ಅವರೂ ನಮ್ಮವರೇ ಆಗಿರುವುದರಿಂದ ಬಾಗಿಲಲ್ಲೇ ನಿಂತು "ಒಳಗೆ ಬರಲ್ಲ, ಹೀಗೆ ಬಂದೆ, ಹಾಗೆ ಹೋಗ್ತೀನಿ" ಎಂದು ಒಂದೂವರೆ ಗಂಟೆ ಮಾತಾಡಿ ಹೋಗುತ್ತಾರೆಯೇ ಹೊರತು ನನ್ನ ಮಾತಿಗೆ ಸಿಕ್ಕುವುದಿಲ್ಲ.

ನನ್ನ ಅಮ್ಮ ಈ ವಿದ್ಯೆಯನ್ನು ನಮಗೆ ಮಗ್ಗಿಗಿಂತ ಮೊದಲೇ ಕಲಿಸಿದ್ದಳು. ಮೈಸೂರಿನಲ್ಲಿ ಯಾರ ಮನೆಗೆ ಹೋದರೂ ಗೇಟಿನ ಹೊರಗೆ ಒಂದು ನಿಮಿಷ ನಿಲ್ಲಿಸಿ, ನನ್ನ ಜಡೆಯ ರಿಬ್ಬನ್ ಸರಿಮಾಡುತ್ತಾ ಹೇಳುವಳು: "ಮೊದಲನೇ ಸಲ ಕೊಟ್ರೆ ಬೇಡ ಅನ್ನು. ಎರಡನೇ ಸಲಕ್ಕೆ ನನ್ನ ಮುಖ ನೋಡು. ಮೂರನೇ ಸಲ ಕೊಟ್ರೆ ತಗೋ. ಎರಡು ಕೊಟ್ರೆ ಒಂದು ತಗೋ." ಹಿಂದಿನ ಬೀದಿಯ ಕಮಲಮ್ಮನವರು ಕೊಬ್ಬರಿ ಮಿಠಾಯಿ ಮಾಡುವುದರಲ್ಲಿ ನಿಸ್ಸೀಮರು. ಒಂದು ಸಂಜೆ ತಟ್ಟೆ ಮುಂದಿಟ್ಟು "ತಗೋ ಮರಿ" ಎಂದರು. ಬೇಡ ಎಂದೆ. "ತಗೊಳ್ಳೇ" ಎಂದರು. ಅಮ್ಮನ ಮುಖ ನೋಡಿದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಕಮಲಮ್ಮ ಓಡಿದರು. ವಾಪಸು ಬಂದವರು ಸೀಮೆಎಣ್ಣೆಯ ಕ್ಯೂ ವಿಷಯ ಶುರುಮಾಡಿದರು. ಮಿಠಾಯಿ ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ, ಗುಲಾಬಿ ಬಣ್ಣದಲ್ಲಿ, ಮುಕ್ಕಾಲು ಗಂಟೆ ಹಾಗೇ ಇತ್ತು. ಮೂರನೆಯ ಸಲ ಬರಲೇ ಇಲ್ಲ. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಮ್ಮ ಏನೆಂದಳು ಗೊತ್ತೇ? "ಅಷ್ಟು ಆಸೆ ಇದ್ದಿದ್ರೆ ಎರಡನೇ ಸಲಾನೇ ತಗೋಬಾರದಿತ್ತಾ?" ಇಂಥ ಅನ್ಯಾಯಕ್ಕೆ ಯಾವ ಕೋರ್ಟಿನಲ್ಲೂ ಅಪೀಲಿಲ್ಲ.

ಅಮೆರಿಕಕ್ಕೆ ಬಂದ ಮೇಲಾದರೂ ಬುದ್ಧಿ ಬರಬೇಕಿತ್ತು. ಫಾರ್ಮರ್ಸ್ ಬ್ರಾಂಚ್‌ನಲ್ಲಿ ನನ್ನ ಮೊದಲ ಕೆಲಸ. ಮೊದಲ ದಿನ ಮಧ್ಯಾಹ್ನ ಮ್ಯಾನೇಜರ್ ಬಂದು ಟೀಮಿನವರೆಲ್ಲ ಊಟಕ್ಕೆ ಹೊರಟಿದ್ದೇವೆ, ಬರ್ತೀಯಾ ಎಂದು ಕೇಳಿದ. "ನೋ ನೋ, ಇಟ್ಸ್ ಓಕೆ" ಎಂದೆ. ನನ್ನ ಲೆಕ್ಕದಲ್ಲಿ ಅದು ಮೊದಲನೆಯ ಬೇಡ. ಅವನ ಲೆಕ್ಕದಲ್ಲಿ ಅದು ಉತ್ತರ. ಆರು ಜನ ನನ್ನ ಕಣ್ಣೆದುರಿಗೇ ಲಿಫ್ಟಿನೊಳಗೆ ಹೋದರು. ನಾನು ಆ ದಿನ ಮೆಷಿನ್ನಿನಿಂದ ಬಿದ್ದ ಒಂದು ಚಿಪ್ಸ್ ಪ್ಯಾಕೆಟ್ ತಿಂದು, ಅಮೆರಿಕದವರಿಗೆ ಹೃದಯವಿಲ್ಲ ಎಂದು ಮನೆಗೆ ಪತ್ರ ಬರೆದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನನ್ನ ಅತ್ತಿಗೆಯ ವಿಷಯ ಹೇಳಬೇಕು. ಸುಮಿತ್ರಾ ಅತ್ತಿಗೆ ಗಿರೀಶನ ಅಕ್ಕ. ಗಿರೀಶ ಅಂದರೆ ನನ್ನ ಗಂಡ. ಧಾರವಾಡದ ಕಡೆಯವರು. ಹ್ಯೂಸ್ಟನ್‌ನಲ್ಲಿ ನಲವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ಭಾವ ತೀರಿಹೋಗಿ ಮೂರು ವರ್ಷ. ಮಕ್ಕಳಿಲ್ಲ. ಇದ್ದ ದೊಡ್ಡ ಮನೆಯನ್ನು ಮಾರಿದ್ದರು. ಮೇ ತಿಂಗಳೊಳಗೆ ಬಿಟ್ಟುಕೊಡಬೇಕಿತ್ತು. ಹಿರಿಯರಿಗೆಂದೇ ಕಟ್ಟಿದ ಒಂದು ಅಪಾರ್ಟ್‌ಮೆಂಟ್ ನೋಡಿ ಇಟ್ಟಿದ್ದರು, ಸಹಿ ಹಾಕುವುದೊಂದು ಬಾಕಿ. ಅಲ್ಲಿಗೆ ಹೋಗುವುದೋ, ಡಾಲಸ್ ಬಳಿ ಲೂಯಿಸ್‌ವಿಲ್‌ನ ನಮ್ಮ ಮನೆಗೆ ಬರುವುದೋ ಎಂಬುದು ಪ್ರಶ್ನೆ.

ಆ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ ಎಂದುಕೊಳ್ಳಬೇಡಿ. ದೀಪಾವಳಿಗೆ ಬಂದಿದ್ದಾಗ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಾ "ಅತ್ತಿಗೆ, ನಮ್ಮನೆಗೇ ಬಂದುಬಿಡಿ" ಎಂದೆ. ನಲ್ಲಿ ಜೋರಾಗಿ ಬಿಟ್ಟುಕೊಂಡೇ ಹೇಳಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. "ಬ್ಯಾಡವಾ, ನಿಮಗ್ಯಾಕ ತ್ರಾಸ" ಎಂದರು. "ಸರಿ ಅತ್ತಿಗೆ, ನಿಮ್ಮಿಷ್ಟ" ಎಂದು ನಾನು ಬಾಣಲೆ ಉಜ್ಜುವುದನ್ನು ಮುಂದುವರಿಸಿದೆ. ಮೂರು ಸಲ ಕೇಳಬೇಕೆಂದು ಗೇಟಿನ ಹೊರಗೆ ನಿಂತು ಕಲಿತವಳು ನಾನು. ಅವತ್ತು ಮಾತ್ರ ಮ್ಯಾನೇಜರನ ಲೆಕ್ಕ ನನಗೆ ಬಹಳ ಅನುಕೂಲವಾಗಿ ಕಂಡಿತು.

ಅತ್ತಿಗೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದರೆ ಬಂದು ನಿಂತು ಎರಡು ನಿಮಿಷ ನೋಡಿ, "ಹಿಂಗೂ ಹೆಚ್ಚತಾರ ಏನು?" ಎನ್ನುತ್ತಾರೆ. ಬೈಗುಳವೇ ಅಲ್ಲ, ವಿಚಾರಣೆ. ಅದಾದ ಮೇಲೆ ನನಗೆ ಕೈಗೆ ಬಂದ ಹುರುಳಿಕಾಯಿಯೆಲ್ಲ ತಪ್ಪಾಗಿ ಕಾಣುತ್ತದೆ.

ಒಂದೇ ಸಲ ಕೇಳಿ ಬಿಟ್ಟೆ ಎಂದು ಗೊತ್ತಾದಾಗ ಗಿರೀಶ ತಲೆಯ ಮೇಲೆ ಕೈ ಹೊತ್ತ. "ಹಂಗಾದ್ರ ನೀನ ಕೇಳು" ಎಂದು ಅವನ ಮಾತಿನಲ್ಲೇ ಅಣಕಿಸಿದೆ. "ನಾ ಕೇಳಿದ್ರ ಲೆಕ್ಕಕ್ಕಿಲ್ಲ. ತಮ್ಮ ಕರೀತಾನ, ಅದರಾಗೇನದ? ಮನಿ ಹೆಣಮಗಳು ಕರೀಬೇಕು" ಎಂದ. ಅದೂ ನಿಜವೇ. ನಮ್ಮಲ್ಲಿ ಗಂಡಸರು ಎಷ್ಟು ಕರೆದರೂ ಅದು ಬರೀ ಗಾಳಿ. ಒಲೆಯ ಮುಂದಿರುವವಳು ಕರೆಯಬೇಕು. "ಮಾರ್ಚ್‌ನಾಗ ಹೆಂಗೂ ಎಲ್ಲಾರೂ ಟ್ರಿಪ್ ಹೊಂಟೇವಿ. ವಾಪಸ್ ಬರೂದ್ರಾಗ ಇನ್ನೊಮ್ಮೆ ಕೇಳು" ಎಂದ. ಸಹಿ ಹಾಕಲು ಅತ್ತಿಗೆ ಇಟ್ಟುಕೊಂಡಿದ್ದ ದಿನ, ನಾವು ವಾಪಸು ಬರುವ ದಿನದ ಮಾರನೆಯದು.

ಟ್ರಿಪ್ ಯೋಜಿಸಿದವನು ಪ್ರಸನ್ನ. ಗಿರೀಶನ ಕಾಲೇಜು ಗೆಳೆಯ, ಆಸ್ಟಿನ್‌ನಲ್ಲಿದ್ದಾನೆ, ಹೆಂಡತಿ ತವರಿಗೆ ಹೋದಾಗಲೆಲ್ಲ ನಮ್ಮ ಜೊತೆ ಎಲ್ಲಿಗಾದರೂ ಹೊರಡುತ್ತಾನೆ. ಎಲ್ಲರೂ ಹೋಗುವ ಕಡಲತೀರಗಳಿಗೆ ಹೋಗಬಾರದು ಎಂಬುದು ಅವನ ವ್ರತ. ಹುಡುಕಿ ಹುಡುಕಿ ಮಧ್ಯ ಅಮೆರಿಕದ ಬೆಲೀಜ್ ದೇಶದ ದಕ್ಷಿಣ ತುದಿಯ ಪುಂಟಾ ಗೋರ್ಡಾ ಎಂಬ ಸಣ್ಣ ಊರನ್ನು ಆರಿಸಿದ. ಒಂದು ಎಕ್ಸೆಲ್ ಶೀಟು ಬಂತು. "7.15ರಿಂದ 7.40: ಸಮುದ್ರ ನೋಡುವುದು." "7.40ರಿಂದ 8.00: ವಿಶ್ರಾಂತಿ." "10.00ರಿಂದ 12.00: ಬೀಚ್." ಹಸಿರು, ಹಳದಿ, ಕಿತ್ತಳೆ ಬಣ್ಣಗಳು ಬೇರೆ. ಬಾತ್‌ರೂಮಿಗೆ ಯಾವ ಬಣ್ಣ ಎಂದು ನಾನು ಕೇಳಿದ್ದಕ್ಕೆ ಅವನು ಸಿಟ್ಟಾಗದೆ ಒಂದು ಸಾಲು ಸೇರಿಸಿದ.

ಡಾಲಸ್ ಕಡೆಯಿಂದ ನಾವು ಮೂವರು, ನಾನು, ಗಿರೀಶ, ಹದಿನೈದರ ಮಗಳು ಅದಿತಿ, ಆಸ್ಟಿನ್‌ನಿಂದ ಪ್ರಸನ್ನ. ಹಿಂದಿನ ದಿನವೇ ಹ್ಯೂಸ್ಟನ್‌ನ ಅತ್ತಿಗೆ ಮನೆಯಲ್ಲಿ ಸೇರಿದೆವು. ಅಲ್ಲಿ ಅತ್ತಿಗೆ ಒಂದು ಸೂಟ್‌ಕೇಸ್ ತುಂಬ ತಿಂಡಿ ಕಟ್ಟಿಟ್ಟಿದ್ದರು. ಹಚ್ಚಿದ ಅವಲಕ್ಕಿ, ಶೇಂಗಾ ಹೋಳಿಗೆ, ಚಟ್ನಿಪುಡಿ, ಕಡಕ್ ರೊಟ್ಟಿ, ದಿಢೀರ್ ಉಪ್ಪಿಟ್ಟಿನ ಪ್ಯಾಕೆಟ್ಟುಗಳು, ಒಂದು ಪುಟ್ಟ ರೈಸ್ ಕುಕ್ಕರ್. ಐದು ದಿನಕ್ಕೆ ಇಷ್ಟೇಕೆ ಎಂದರೆ "ಇರಲಿ ಬಿಡು" ಎಂದರು. ನಾವು ಪ್ರಪಂಚ ನೋಡಲು ಹೋಗುತ್ತೇವೆ, ಸರಿ. ತಿನ್ನಲು ಮಾತ್ರ ಹೋಗುವುದಿಲ್ಲ.

ಬೆಲೀಜ್‌ಗೆ ಇಳಿದ ಮೇಲೆ ಇನ್ನೊಂದು ಚಿಕ್ಕ ವಿಮಾನ ಹತ್ತಬೇಕಿತ್ತು. ಹನ್ನೆರಡು ಸೀಟಿನದು, ನಮ್ಮೂರಿನ ಮ್ಯಾಟಡೋರ್ ವ್ಯಾನಿಗೆ ರೆಕ್ಕೆ ಕಟ್ಟಿದಂತಿತ್ತು. ಬ್ಯಾಗುಗಳನ್ನು ತೂಕಕ್ಕೆ ಹಾಕಿ, ಭಾರ ಹೆಚ್ಚಾಯಿತು, ಒಂದು ಬ್ಯಾಗ್ ನಾಳಿನ ವಿಮಾನಕ್ಕೆ ಬರಲಿ, ಯಾವುದು ಬಿಡುತ್ತೀರಿ ಎಂದು ಕೇಳಿದರು. ಪ್ರಸನ್ನನಿಗೆ ಅವನ ಡ್ರೋನ್ ಬಿಡುವ ಮನಸ್ಸಿಲ್ಲ. ಅವನು ಅತ್ತಿಗೆಯ ಕಡೆ ತಿರುಗಿ, "ಅಕ್ಕಾ, ಡ್ರೋನ್ ಬ್ಯಾಗ್ ಬೇಕಾದ್ರೆ ಬಿಟ್ಟುಬಿಡ್ತೀನಿ" ಎಂದ. ಅವನದು ಉಪಚಾರ. "ಏ ಬ್ಯಾಡಪ್ಪಾ, ನಂದೇನು ತಿಂಡಿ, ನಾಳೆ ಬಂದ್ರೂ ನಡೀತದ" ಎಂದರು ಅತ್ತಿಗೆ. ಅವರದೂ ಉಪಚಾರ. ಇಬ್ಬರ ನಡುವೆ ನಮ್ಮ ಐದೂ ಜನರ ಊಟ ರನ್‌ವೇ ಮೇಲೆ ನಿಂತು ನಮ್ಮನ್ನು ಬೀಳ್ಕೊಟ್ಟಿತು. ಮಾರನೆಯ ದಿನ ಬ್ಯಾಗ್ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಊರಿನ ವಿಷಯ ಹೇಳಬೇಕೆಂದರೆ, ಮೊದಲನೆಯದಾಗಿ ಅಲ್ಲಿ ಬೀಚ್ ಇಲ್ಲ. ಸಮುದ್ರ ಇದೆ, ಧಾರಾಳವಾಗಿ ಇದೆ, ರಸ್ತೆಯ ಪಕ್ಕದಲ್ಲೇ ಇದೆ. ಮರಳು ಮಾತ್ರ ಇಲ್ಲ. ಒಂದು ಗೋಡೆ, ಗೋಡೆಯಾಚೆ ನೀರು. ಪ್ರಸನ್ನ ಶೀಟು ತೆರೆದು "ಬೀಚ್ ಎರಡು ಗಂಟೆ" ಎಂಬ ಹಳದಿ ಚೌಕವನ್ನು ನೋಡುತ್ತಾ ಆ ಗೋಡೆಯ ಮೇಲೆ ಎರಡು ಗಂಟೆ ಕುಳಿತ. ಒಂದು ಗಡಿಯಾರದ ಗೋಪುರ, ನಾಲ್ಕಾರು ಬೀದಿಗಳು. ಅಷ್ಟರಲ್ಲೇ ಎಷ್ಟು ಬಗೆಯ ಜನ! ಕಪ್ಪು ಗರಿಫುನಾ ಹೆಂಗಸರು ತಮ್ಮದೇ ಭಾಷೆಯಲ್ಲಿ ಮೀನಿನ ಚೌಕಾಸಿ ಮಾಡುತ್ತಿದ್ದರು. ಮಾಯಾ ಜನಾಂಗದ ಅಜ್ಜಿಯರು ಬೆಳಗಿನ ಬಸ್ಸಿಗೆ ಬಂದು ನೆಲದ ಮೇಲೆ ಸೊಪ್ಪು ಹರಡಿ ಕೂತಿದ್ದರು. ದಿನಸಿ ಅಂಗಡಿ ಚೀನಾದವರದು. ಹುಲ್ಲಿನ ಟೋಪಿ, ಗಡ್ಡ, ಹೆಗಲಪಟ್ಟಿಯ ಪ್ಯಾಂಟಿನ ಬಿಳಿಯರೊಬ್ಬರು ಕಲ್ಲಂಗಡಿ ಮಾರುತ್ತಿದ್ದರು. ಇವರೆಲ್ಲ ತಂತಮ್ಮಲ್ಲಿ ಆಡುವ ಇಂಗ್ಲಿಷ್ ನಮಗೆ ತಿಳಿಯದು, ನಮ್ಮ ಇಂಗ್ಲಿಷ್ ಅವರಿಗೆ ನಗು ತರಿಸುತ್ತದೆ. "ದಿಸ್ ಈಸ್ ಸೋ ಕೂಲ್" ಎಂದಳು ಅದಿತಿ. ಹಸಿದ ಹೊಟ್ಟೆಗೆ ಯಾವುದೂ ಕೂಲ್ ಅಲ್ಲ ಎಂಬುದು ಅವಳಿಗೂ ಸಂಜೆಯ ಹೊತ್ತಿಗೆ ಗೊತ್ತಾಯಿತು.

ಯಾಕೆಂದರೆ ನಾವು ಸಸ್ಯಾಹಾರಿಗಳು. ಹೋಟೆಲಿನಲ್ಲಿ ಅನ್ನಕ್ಕೆ ಕೆಂಪು ಕಾಳು ಬೆರೆಸಿ ತೆಂಗಿನಹಾಲಿನಲ್ಲಿ ಬೇಯಿಸಿದ್ದು ಘಮಘಮ ಎನ್ನುತ್ತಾ ಬಂತು. ಅತ್ತಿಗೆ ಡಾಕ್ಟರಲ್ಲವೇ, ಚಮಚ ಎತ್ತುವ ಮೊದಲು ವಿಚಾರಣೆ ನಡೆಸಿದರು. "ಕಾಳು ಮಾತ್ರ," ಎಂದಳು ಬಡಿಸುವಾಕೆ, "ರುಚಿಗೆ ಅಂತ ಒಂಚೂರು ಹಂದಿ ಬಾಲ." ಐದೂ ಚಮಚಗಳು ಕೆಳಗಿಳಿದವು. ಎರಡು ದಿನ ಬಾಳೆಹಣ್ಣು, ಕರಿದ ಹಿಟ್ಟಿನ ಉಬ್ಬು ರೊಟ್ಟಿ, ಮತ್ತೆ ಬಾಳೆಹಣ್ಣು. ಗಿರೀಶ ನನ್ನನ್ನು ನೋಡಿದಾಗಲೆಲ್ಲ ಹುಬ್ಬು ಹಾರಿಸಿ ಅಕ್ಕನ ಕಡೆ ತೋರಿಸುತ್ತಿದ್ದ, ಕೇಳಿದೆಯಾ ಎಂಬಂತೆ. ಹೊಟ್ಟೆ ತಾಳ ಹಾಕುತ್ತಿರುವಾಗ ಯಾರನ್ನಾದರೂ ಮನೆಗೆ ಕರೆಯುವ ಔದಾರ್ಯ ಎಲ್ಲಿಂದ ಬರಬೇಕು?

ಮೂರನೆಯ ದಿನ ಸಂತೆ. ಒಂದು ಮೂಲೆಯಲ್ಲಿ ಹಸಿ ಅರಿಶಿನದ ಕೊಂಬು ಗುಡ್ಡೆ ಹಾಕಿಕೊಂಡು ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಮುಖ ನೋಡಿದರೆ ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲೋ ಕಂಡಂತೆ. ಹೆಸರು ಮಿಸ್ ಎಲ್ಡಾ. ಅರಿಶಿನಕ್ಕೆ ಅವರು ಹಳದಿ ಶುಂಠಿ ಎನ್ನುತ್ತಾರೆ. ಅಜ್ಜಿಯ ಅಜ್ಜ ಕಬ್ಬು ಕಡಿಯಲು ಇಂಡಿಯಾದಿಂದ ಹಡಗಿನಲ್ಲಿ ಬಂದವರಂತೆ. ಯಾವ ಊರು, ಯಾವ ಭಾಷೆ ಒಂದೂ ಗೊತ್ತಿಲ್ಲ. "ಇಲ್ಲಿ ನಮ್ಮನ್ನು ಇಂಡಿಯನ್ ಅಂತಾರೆ. ಇಂಡಿಯಾದವರು ಮಾತ್ರ ಇದುವರೆಗೂ ಯಾರೂ ನಮ್ಮನೆಗೆ ಬಂದಿಲ್ಲ," ಎಂದರು. ಅವರ ಇಂಗ್ಲಿಷ್ ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ. ಮಾಂಸ ತಿನ್ನಲ್ಲ ಅಂದ್ರಲ್ಲ, ತರಕಾರೀಲೇ ಮಾಡ್ತೀನಿ."

ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಹಿರಿಯರಾದ ಅತ್ತಿಗೆ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು, ಮಧುರವಾಗಿ ನಕ್ಕು, "ನೋ ನೋ, ಪ್ಲೀಸ್, ನಿಮಗೆ ತೊಂದರೆ ಬೇಡ" ಎಂದರು. ಮಿಸ್ ಎಲ್ಡಾ ಒಂದು ಕ್ಷಣ ಅವರನ್ನು ನೋಡಿದರು. "ಆಲ್‌ರೈಟ್" ಎಂದು ತಲೆ ತಗ್ಗಿಸಿ ಅರಿಶಿನದ ಮಣ್ಣು ಉಜ್ಜತೊಡಗಿದರು.

ನಾವು ಸುಮಾರು ಹೊತ್ತು ಅಲ್ಲೇ ನಿಂತೆವು. ಅತ್ತಿಗೆ ಅರಿಶಿನ ಕೊಂಡರು. ಬೇಕಿಲ್ಲದಿದ್ದರೂ ಮತ್ತಷ್ಟು ಕೊಂಡರು. ಎರಡನೆಯ ಸಲ ಬರಲಿಲ್ಲ. ದಾರಿಯಲ್ಲಿ ಅವರ ಗೊಣಗಾಟ ಶುರುವಾಯಿತು: "ಅಲ್ಲ, ಕರದವರು ಇನ್ನೊಮ್ಮೆ ಕರೀಬಾರದೇನು? ಹಂಗ ಬಾಯಿಮಾತಿಗೆ ಕರದ್ಲೇನೋ." ಪ್ರಸನ್ನ "ಶೀಟ್‌ನಲ್ಲಿ ನಾಳೆ ಮಧ್ಯಾಹ್ನ ಹೇಗೂ ಖಾಲಿ ಇತ್ತು" ಎಂದು ನಿಟ್ಟುಸಿರುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಂದು, ಇಷ್ಟು ಹಸಿದು, ಕೈಗೆ ಬಂದ ತುತ್ತನ್ನು ಬಾಯಿಗೆ ಬರುವ ಮೊದಲೇ ವಾಪಸು ಕಳಿಸುವ ಜನ ಪ್ರಪಂಚದಲ್ಲಿ ನಾವೊಬ್ಬರೇ ಇರಬೇಕು. ಟೋಪಿ ಮರೆತೆ ಎಂದು ಸುಳ್ಳು ಹೇಳಿ ನಾನು ಸಂತೆಗೆ ವಾಪಸು ಓಡಿದೆ.

"ನಾವು ಬರ್ತೀವಿ" ಎಂದೆ, ಏದುಸಿರು ಬಿಡುತ್ತಾ.

"ಬೇಡ ಅಂದ್ರಲ್ಲ?" ಎಂದರು ಮಿಸ್ ಎಲ್ಡಾ. ನಗುವಿರಲಿಲ್ಲ.

ನಮ್ಮ ಪದ್ಧತಿ ವಿವರಿಸಿದೆ. ಮೊದಲನೆಯ ಬೇಡ, ಎರಡನೆಯ ಬೇಡ, ಎಲ್ಲ. ಅವರು ಕೊಂಬು ಕೆಳಗಿಟ್ಟು ಪೂರಾ ಕೇಳಿದರು. "ಹಾಗಾದ್ರೆ ನಿಮ್ಮೋರಿಗೆ ನಿಜವಾಗ್ಲೂ ಬೇಡ ಅನ್ನಿಸಿದಾಗ ಏನಂತಾರೆ?"

"ಆಗಲೂ ಬೇಡ ಅಂತಲೇ ಅಂತಾರೆ."

"ಮತ್ತೆ ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ?"

ಇದಕ್ಕೆ ಉತ್ತರ ಹತ್ತು ತಲೆಮಾರಿನಿಂದ ನಮ್ಮಲ್ಲಿ ಯಾರ ಬಳಿಯೂ ಇಲ್ಲ. "ಮುಖ ನೋಡಿ ತಿಳ್ಕೋಬೇಕು" ಎಂದೆ. "ನನಗೆ ಎಡಗಣ್ಣು ಕಾಣ್ಸಲ್ಲ," ಎಂದರು ಆಕೆ. "ಬಾಯಲ್ಲಿ ಹೇಳೋರಾದ್ರೆ ನಾಳೆ ಹನ್ನೆರಡಕ್ಕೆ ಬನ್ನಿ." ಕೊನೆಗೊಮ್ಮೆ ನಕ್ಕರು. ಹಡಗು ಹತ್ತಿದವರು ಅರಿಶಿನವನ್ನು ಗಂಟು ಕಟ್ಟಿಕೊಂಡು ಬಂದು, ಉಪಚಾರವನ್ನು ದಡದಲ್ಲೇ ಬಿಟ್ಟು ಬಂದಿದ್ದರು. ಜಾಣರು.

ಮಾರನೆಯ ದಿನ ಹೋದೆವು. ಊರ ಹೊರಗೆ ಕಂಬಗಳ ಮೇಲೆ ನಿಂತ ಹಲಗೆಯ ಮನೆ, ಹಿತ್ತಿಲ ತುಂಬ ಅರಿಶಿನದ ಎಲೆ. ಮೇಜಿನ ಮೇಲೆ ಬಾಲವಿಲ್ಲದ ಕಾಳಿನ ಅನ್ನ, ಹುರಿದ ಬಾಳೆ, ಮತ್ತೆ ಸೀಮೆಬದನೆಕಾಯಿಯ ಹಳದಿ ಪಲ್ಯ. ಅವರು ಪ್ರತಿಯೊಬ್ಬರ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳುತ್ತಾ ಬಂದರು: "ಹಸಿವಾಗಿದೆಯೋ, ಇಲ್ವೋ?" ಗಿರೀಶ ಹೌದು ಎಂದ. ಪ್ರಸನ್ನ ಎರಡು ಸಲ ಹೌದು ಎಂದ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರೆ. ಇಲ್ಲಿ ಎರಡೂ ಒಬ್ಬರೇ, ಮೇಲೆ ನ್ಯಾಯಾಧೀಶರೂ ಅವರೇ. ಮೊದಲ ಸುತ್ತು ಹೇಗೋ ಸುಗಮವಾಗಿ ಆಯಿತು. ಆ ಪಲ್ಯ ಬಾಯಿಗಿಟ್ಟಾಗ ಅತ್ತಿಗೆಯ ಕೈ ಒಂದು ಗಳಿಗೆ ನಿಂತಿತು. ತಟ್ಟೆ ಬೇಗ ಖಾಲಿಯಾಯಿತು.

ಮಿಸ್ ಎಲ್ಡಾ ಪಲ್ಯದ ಬಟ್ಟಲು ಹಿಡಿದು ಬಂದರು. "ಇನ್ನಷ್ಟು?"

"ನೋ ನೋ, ಭಾಳ ಆಯ್ತು, ಥ್ಯಾಂಕ್ಯೂ," ಎಂದರು ಅತ್ತಿಗೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ರೋಗಿಗಳನ್ನು ನೋಡಿದವರ ಬಾಯಲ್ಲಿ ಧಾರವಾಡ ನಡುವೆ ಬಂದುಹೋಯಿತು.

ಮಿಸ್ ಎಲ್ಡಾ ಬಟ್ಟಲು ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಅತ್ತಿಗೆಯ ಕಣ್ಣು ಬಟ್ಟಲಿನ ಹಿಂದೆಯೇ ಬಾಗಿಲ ತನಕ ಹೋಯಿತು. "ಅತ್ತೆ, ಜಸ್ಟ್ ಸೇ ಯೆಸ್!" ಎಂದಳು ಅದಿತಿ, ಮೇಜಿಗೇ ಕೇಳುವಂತೆ. ನಾನು ಮಗಳ ತೊಡೆ ಚಿವುಟಿದೆ. ಚಿವುಟಿದ ಮೇಲೆ ನನಗೇ ನಾಚಿಕೆಯಾಯಿತು, ಅದು ಥೇಟ್ ನಮ್ಮಮ್ಮನ ಚಿವುಟು.

ಆಗ ಅತ್ತಿಗೆ ಎದ್ದರು. ಅರವತ್ತೆಂಟು ವರ್ಷದಲ್ಲಿ ಯಾರ ಮನೆಯಲ್ಲೂ ಎರಡನೆಯ ಸಲ ಬಡಿಸಿಕೊಳ್ಳಲು ಬಾಯಿಬಿಟ್ಟು ಕೇಳದವರು, ಖಾಲಿ ತಟ್ಟೆ ಕೈಯಲ್ಲಿ ಹಿಡಿದು ಅಪರಿಚಿತರ ಅಡುಗೆಮನೆಗೆ ನಡೆದರು. ಒಳಗಿನಿಂದ ಅವರ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಐ ಆಮ್ ಹಂಗ್ರಿ. ಇನ್ನೂ ಬೇಕು ನನಗೆ." ಆಮೇಲೆ ಇಬ್ಬರು ಮುದುಕಿಯರ ನಗು. ಹೊರಗೆ ಬಂದಾಗ ತಟ್ಟೆ ತುಂಬಿತ್ತು, ಕಣ್ಣೂ ತುಂಬಿತ್ತು. ಕೂತು ತಲೆಯೆತ್ತದೆ ಉಂಡರು. ಅಷ್ಟು ಹಸಿವನ್ನು ಅವರು ಮೂರು ದಿನದಿಂದ ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಮೂರು ದಿನದ್ದೇ ಏನು, ಮೂರು ವರ್ಷದಿಂದ ಅವರು ಬೇಡ ಎಂದದ್ದನ್ನೆಲ್ಲ ನಾವೆಲ್ಲ ನಂಬಿದ್ದೆವು. ಹಬ್ಬಕ್ಕೆ ಬಂದು ಕರೆದುಕೊಂಡು ಹೋಗಲಾ ಎಂದರೆ ಬೇಡ, ಮಂಡಿ ಆಪರೇಷನ್ನಿಗೆ ಬಂದು ಇರಲಾ ಎಂದರೆ ಬೇಡ. ನಂಬುವುದು ನಮಗೆ ಸುಲಭವಿತ್ತು. ಬರೀ ಅವರ ಮೇಲೆ ಬೇಸರಗೊಂಡಿದ್ದ ನನಗೆ ಆಗ ನನ್ನ ಮೇಲೂ ಬೇಸರವಾಯಿತು, ಸ್ವಲ್ಪ ಹೆಚ್ಚಾಗಿಯೇ.

ಊಟವಾದ ಮೇಲೆ ಗಂಡಸರು ಡ್ರೋನ್ ಹಾರಿಸಲು ಹೋದರು. ಅದಿತಿ ಮಿಸ್ ಎಲ್ಡಾ ಜೊತೆ ಹಿತ್ತಿಲಲ್ಲಿ ಅರಿಶಿನ ಕೀಳುತ್ತಿದ್ದಳು. ಅತ್ತಿಗೆಯೂ ನಾನೂ ಮರದ ಮೆಟ್ಟಿಲ ಮೇಲೆ ಕೂತೆವು. ಸಿಹಿಯಾಗಿ, ಸಮಯ ನೋಡಿ, ಹಂತ ಹಂತವಾಗಿ ಕೇಳಬೇಕೆಂದು ನಾನು ಮಾಡಿಟ್ಟುಕೊಂಡ ತಯಾರಿಯೆಲ್ಲ ಆ ಬಿಸಿಲಿಗೆ ಆವಿಯಾಗಿತ್ತು.

"ಅತ್ತಿಗೆ, ನೀವು ಆ ಅಪಾರ್ಟ್‌ಮೆಂಟಿಗೆ ಹೋಗ್ಬೇಡಿ. ನಮ್ಮನೆಗೆ ಬನ್ನಿ. ಬರ್ತೀರೋ, ಇಲ್ವೋ?" ಎಂದೆ. ಕರೆದ ಹಾಗಿರಲಿಲ್ಲ, ಜಗಳಕ್ಕೆ ನಿಂತ ಹಾಗಿತ್ತು.

ಅವರ ಬಾಯಿ ಅಭ್ಯಾಸಬಲದಿಂದ ತೆರೆಯಿತು. 'ಬ್ಯಾ' ಎನ್ನುವಷ್ಟರಲ್ಲಿ ಮುಚ್ಚಿಕೊಂಡಿತು. ಹಿತ್ತಿಲ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿನಗ ನಾ ಬರೂದು ಬೇಕೇನು? ಗಿರ್ಯಾ ಹೇಳಿದ್ದು ಬಿಡು. ನಿನಗ?"

ಇದು ಅನ್ಯಾಯ. ಪ್ರಶ್ನೆ ಕೇಳುವವಳು ನಾನು. "ಅಯ್ಯೋ, ಏನತ್ತಿಗೆ ಹೀಗೆ ಕೇಳ್ತೀರಾ, ಅದೂ ಕೇಳೋ ಮಾತಾ" ಎಂಬ ಸಿದ್ಧ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೇಳಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಎಲ್ಲರ ಮೇಲೂ ರೇಗುತ್ತಾ ಬಂದ ನನಗೆ ಒಂದು ನಿಜ ಹೇಳಲು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು.

"ಅರ್ಧ ಬೇಕು," ಎಂದೆ. "ಅರ್ಧ ಭಯ."

ಹೇಳಿದ ಮೇಲೆ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಡ್ರೋನ್ ತಲೆಯ ಮೇಲೆ ದುಂಬಿಯಂತೆ ಗುಂಯ್‌ಗುಟ್ಟುತ್ತಿತ್ತು. ಗಿರೀಶನಿಗೆ ಏನು ಹೇಳುವುದು ಎಂದು ಯೋಚಿಸಿದೆ. ಸುಮ್ಮನೆ ಒಂದು ಸುಳ್ಳಾಡಿದ್ದರೆ ಮುಗಿಯುತ್ತಿರಲಿಲ್ಲವೇ ಎಂದೂ ಅನ್ನಿಸಿತು.

ಅತ್ತಿಗೆ ನಗತೊಡಗಿದರು. ಮೆಲ್ಲಗೆ ಶುರುವಾದದ್ದು, ಮೆಟ್ಟಿಲು ಅಲುಗುವಷ್ಟು ನಕ್ಕರು.

"ಹಂಗಾದ್ರ ಬರ್ತೀನಿ," ಎಂದರು. "ಪೂರಾ ಬೇಕು ಅಂದಿದ್ರ, ವಾಪಸ್ ಹೋದ ಮರುದಿನಾನ ಸಹಿ ಹಾಕಿ ಬರ್ತಿದ್ದೆ."

ನಾನು ಬಿಟ್ಟ ಉಸಿರು ನನಗೇ ಕೇಳಿಸಿತು. ಅತ್ತಿಗೆ ಕಂಬ ಹಿಡಿದು ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡರು.

"ಆದ್ರ ಒಂದು ಮಾತು ಈಗ ಹೇಳಿಬಿಡ್ತೀನಿ, ಆಮ್ಯಾಲೆ ಸಂಕೋಚ ಬ್ಯಾಡ. ನಿನ್ನ ಅಡಗಿಮನಿಯೊಳಗ ನನಗೊಂದು ಕಪಾಟು ಬೇಕು."

"ಅದಕ್ಕೇನಂತೆ ಅತ್ತಿಗೆ," ಎಂದೆ, ಕೆಳಗಿನ ಮೂಲೆಯ ಕಪಾಟಿನಲ್ಲಿರುವ ಹಳೆಯ ಡಬ್ಬಗಳನ್ನು ಆಗಲೇ ಮನಸ್ಸಿನಲ್ಲೇ ಖಾಲಿ ಮಾಡುತ್ತಾ. "ಯಾವುದು ಬೇಕು ಹೇಳಿ."

ಅತ್ತಿಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಸ್ಟೋವ್ ಬಾಜೂಕಿನ ದೊಡ್ಡದು," ಎಂದರು.